ಹಳೆಯ ಸಣ್ಣ ಕಾರು: ಕೊಳ್ಳುವ ಮುನ್ನ ಪರೀಕ್ಷೆ, ಕೊಂಡ ಮೇಲೆ ಬ್ರೇಕಿನ ಪಾಲನೆ

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಕೊಂಬಿಗೆ ಬಳಿದ ಬಣ್ಣವನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಗೊರಸು ತಟ್ಟುತ್ತಾನೆ, ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಒಪ್ಪಿದರೆ ನೊಗಕ್ಕೆ ಹೂಡಿಯೂ ನೋಡುತ್ತಾನೆ. ಅದೇ ರೈತನು ಹಳೆಯ ಕಾರು ಕೊಳ್ಳಲು ಪೇಟೆಗೆ ಹೋದಾಗ ಮಾತ್ರ ಹೊಸ ಬಣ್ಣದ ಹೊಳಪಿಗೂ ಸೀಟಿನ ಹೊದಿಕೆಗೂ ಮರುಳಾಗುವುದುಂಟು. ಎತ್ತು ಕೈಕೊಟ್ಟರೆ ಒಂದು ದಿನದ ಉಳುಮೆ ನಿಲ್ಲುತ್ತದೆ. ಕಾರಿನ ಬ್ರೇಕು ಕೈಕೊಟ್ಟರೆ ಅದರಲ್ಲಿ ಕುಳಿತ ಇಡೀ ಮನೆಯೇ ಅಪಾಯಕ್ಕೆ ಸಿಗುತ್ತದೆ.

ಹಳೆಯ ಕಾರಿನ ಯೋಗ್ಯತೆಯನ್ನು ತಿಳಿಯಲು ಬ್ರೇಕಿನಷ್ಟು ಒಳ್ಳೆಯ ಸಾಕ್ಷಿ ಬೇರೊಂದಿಲ್ಲ. ಬಣ್ಣವನ್ನು ಒಂದು ವಾರದಲ್ಲಿ ಬಳಿಸಬಹುದು. ಬ್ರೇಕಿನ ಸ್ಥಿತಿಯು ಹಿಂದಿನ ಮಾಲೀಕನು ಕಾರನ್ನು ವರ್ಷಗಟ್ಟಲೆ ಹೇಗೆ ನೋಡಿಕೊಂಡನೆಂಬುದನ್ನು ತಿಳಿಸುತ್ತದೆ. ಬ್ರೇಕನ್ನು ಕಾಲಕಾಲಕ್ಕೆ ನೋಡಿಕೊಂಡವನು ಎಂಜಿನ್ ಆಯಿಲನ್ನೂ ಸಕಾಲದಲ್ಲಿ ಬದಲಾಯಿಸಿರುವ ಸಂಭವ ಹೆಚ್ಚು. ಆದ್ದರಿಂದ ಕೊಳ್ಳುವಾಗ ಬ್ರೇಕನ್ನು ಮೊದಲು ಪರೀಕ್ಷಿಸುವುದು, ಕೊಂಡ ಮೇಲೆ ಮೊದಲ ಹಣವನ್ನು ಬ್ರೇಕಿಗೆ ಖರ್ಚು ಮಾಡುವುದು ಸುರಕ್ಷಿತವೂ ಹೌದು, ಲಾಭದಾಯಕವೂ ಹೌದು.

ಸಣ್ಣ ಕಾರುಗಳ ಆಯ್ಕೆ

ನಮ್ಮ ದೇಶದಲ್ಲಿ ಸಣ್ಣ ಕಾರು ಜನಸಾಮಾನ್ಯರ ಕೈಗೆಟುಕಿದ್ದು 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ. 796 ಸಿ.ಸಿ., ಮೂರು ಸಿಲಿಂಡರ್‌ಗಳ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. 1998ರಲ್ಲಿ ಸ್ಯಾಂಟ್ರೊ, 1999ರಲ್ಲಿ ವ್ಯಾಗನ್ ಆರ್, 2000ದಲ್ಲಿ ಆಲ್ಟೊ ಬಂದವು. ಆಲ್ಟೊ 800ರ ತಯಾರಿಕೆ 2023ರಲ್ಲಿ ಕೊನೆಗೊಂಡಿತು.

ತಯಾರಿಕೆ ನಿಂತ ಮಾತ್ರಕ್ಕೆ ಕಾರು ನಿರುಪಯುಕ್ತವಾಗುವುದಿಲ್ಲ. ಬಿಡಿಭಾಗಗಳು ದೊರೆಯುವವರೆಗೆ ಅದು ಓಡುತ್ತದೆ. ಲಕ್ಷಗಟ್ಟಲೆ ಮಾರಾಟವಾದ ಮಾದರಿಗಳ ಬ್ರೇಕ್ ಪ್ಯಾಡು, ಕ್ಲಚ್ ಪ್ಲೇಟು, ಕೇಬಲ್ಲುಗಳು ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿಯೇ ಸಿಗುತ್ತವೆ. ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಹೋಬಳಿಯಲ್ಲಿಯೇ ಇರುತ್ತಾನೆ. ಅಪರೂಪದ ಮಾದರಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಒಂದು ಸಣ್ಣ ರಬ್ಬರಿಗಾಗಿ ಜಿಲ್ಲಾ ಕೇಂದ್ರಕ್ಕೆ ಅಲೆಯುವಂತಾದರೆ ಅದು ರೈತನಿಗೆ ತಕ್ಕ ಕಾರಲ್ಲ. ಕೊಳ್ಳುವ ಮೊದಲು ಊರಿನ ಮೆಕ್ಯಾನಿಕ್‌ಗೆ ಎರಡು ಪ್ರಶ್ನೆ ಕೇಳಬೇಕು: ಈ ಕಾರಿನ ಕೆಲಸ ನಿನಗೆ ಬರುತ್ತದೆಯೇ? ಸಾಮಾನು ಎಲ್ಲಿ ಸಿಗುತ್ತದೆ?

ಕಾರು ನಿಜಕ್ಕೂ ಬೇಕೆ ಎಂಬುದನ್ನೂ ಮೊದಲೇ ಯೋಚಿಸತಕ್ಕದ್ದು. ತಿಂಗಳಿಗೆ ಎರಡು ಮೂರು ಸಲ ಮಾತ್ರ ಆಸ್ಪತ್ರೆಗೋ ಮದುವೆಗೋ ಹೋಗುವ ಕುಟುಂಬಕ್ಕೆ ಬಾಡಿಗೆ ಕಾರೇ ಅಗ್ಗವಾಗಬಹುದು. ನಿಂತೇ ಇರುವ ಕಾರಿಗೂ ವಿಮೆ ಕಟ್ಟಬೇಕು; ಅದರ ಬ್ಯಾಟರಿ, ಟೈರು, ಬ್ರೇಕು ನಿಂತಲ್ಲಿಯೇ ಕೆಡುತ್ತವೆ.

ನಂಬಿಕೆಗೆ ಅರ್ಹವಾದ ಕಾರಿನ ಲಕ್ಷಣಗಳು

ಕಾರನ್ನು ಹಗಲಿನಲ್ಲಿ, ಮಳೆಯಿಲ್ಲದಾಗ ನೋಡಬೇಕು. ಒದ್ದೆಯಾದ ಕಾರಿನಲ್ಲಿ ಬಣ್ಣದ ದೋಷ ಕಾಣದು. ಗಮನಿಸತಕ್ಕ ಮುಖ್ಯ ಅಂಶಗಳು ಇವು:

1. ಕಿಲೋಮೀಟರ್ ಲೆಕ್ಕ: ಮೀಟರು ತೋರಿಸುವ ಅಂಕಿಯನ್ನು ಹಾಗೆಯೇ ನಂಬಬಾರದು. 40,000 ಕಿ.ಮೀ. ಓಡಿದೆ ಎನ್ನುವ ಕಾರಿನ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೆ, ಸ್ಟಿಯರಿಂಗು ನುಣ್ಣಗಾಗಿದ್ದರೆ, ಚಾಲಕನ ಸೀಟು ಕುಸಿದಿದ್ದರೆ ಲೆಕ್ಕ ಹೊಂದುವುದಿಲ್ಲ. ಸರ್ವಿಸ್ ಪುಸ್ತಕ ಮತ್ತು ಹಳೆಯ ಬಿಲ್ಲುಗಳಲ್ಲಿ ಬರೆದ ಕಿ.ಮೀ. ಅಂಕಿಗಳನ್ನು ತಾಳೆ ನೋಡಬೇಕು.

2. ಹೊಗೆ: ತಣ್ಣಗಿರುವ ಎಂಜಿನನ್ನು ಎದುರಿಗೇ ಚಾಲೂ ಮಾಡಿಸಬೇಕು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ತಂಪುಕಾರಕ ನೀರು ಸಿಲಿಂಡರಿಗೆ ಇಳಿಯುತ್ತಿರಬಹುದು. ಕಪ್ಪು ಹೊಗೆ ಇಂಧನ ಅತಿಯಾಗಿ ಹೋಗುತ್ತಿರುವುದರ ಗುರುತು. ಮಾರುವವನು ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಮರುದಿನ ಬೆಳಿಗ್ಗೆ ಬಂದು ನೋಡುವುದು ಲೇಸು.

3. ತುಕ್ಕು ಮತ್ತು ಬೆಸುಗೆ: ಬಾಗಿಲಿನ ಕೆಳ ಅಂಚು, ನೆಲದ ತಗಡು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಗಳನ್ನು ಚಾಪೆ ಎತ್ತಿ ನೋಡಬೇಕು. ಕರಾವಳಿಯಲ್ಲಿ ಓಡಿದ ಕಾರಿಗೆ ಉಪ್ಪುಗಾಳಿಯಿಂದ ತುಕ್ಕು ಬೇಗ ಹಿಡಿಯುತ್ತದೆ. ಚಾಪೆಯ ಕೆಳಗೆ ಕೆಸರಿನ ಗುರುತು, ಮುಗ್ಗಲು ವಾಸನೆ ಇದ್ದರೆ ಕಾರು ನೆರೆಯಲ್ಲಿ ಮುಳುಗಿರಬಹುದು. ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ತಗಡಿಗೆ ಹಿಡಿದಾಗ ಒಂದೆಡೆ ಮಾತ್ರ ಅಂಟದಿದ್ದರೆ ಅಲ್ಲಿ ಮೆತ್ತಿಗೆ ತುಂಬಿ ಬಣ್ಣ ಬಳಿದಿದ್ದಾರೆಂದು ತಿಳಿಯಬೇಕು. ಈಚಿನ ಕಾರುಗಳ ಬಂಪರು ಪ್ಲಾಸ್ಟಿಕ್ಕಿನದು. ಅಲ್ಲಿ ಈ ಪರೀಕ್ಷೆ ನಡೆಯದು.

4. ಟೈರು: ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಹೂವಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಟೈರು ಬಳಕೆಗೆ ಯೋಗ್ಯವಲ್ಲ. ಒಂದೇ ಅಂಚು ಸವೆದಿದ್ದರೆ ಚಕ್ರದ ಜೋಡಣೆ ತಪ್ಪಿದೆ, ಇಲ್ಲವೇ ಕಾರು ಅಪಘಾತ ಕಂಡಿದೆ. ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ಕಾರನ್ನು ನಿಲ್ಲಿಸುವುದು ನೆಲ ಹಿಡಿದ ಟೈರೇ ಎಂಬುದನ್ನು ಮರೆಯಬಾರದು.

5. ಟೈಮಿಂಗ್ ಬೆಲ್ಟು: ಕೆಲವು ಎಂಜಿನ್‌ಗಳಲ್ಲಿ ಚೈನು, ಕೆಲವುಗಳಲ್ಲಿ ರಬ್ಬರಿನ ಬೆಲ್ಟು ಇರುತ್ತದೆ. ಬೆಲ್ಟು ಇದ್ದರೆ ಅದನ್ನು ಎಂದು ಬದಲಾಯಿಸಿದರೆಂದು ಬಿಲ್ಲು ಸಹಿತ ಕೇಳಬೇಕು. ಓಡುವಾಗ ಅದು ಹರಿದರೆ ಕಾರು ಇದ್ದಲ್ಲಿಯೇ ನಿಲ್ಲುತ್ತದೆ.

ಬ್ರೇಕು ಕೆಲಸ ಮಾಡುವ ಬಗೆ

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲಿನ ಮೇಲೆ ಒತ್ತಡ ಬಿದ್ದು, ಅದು ಕೊಳವೆಗಳ ಮೂಲಕ ನಾಲ್ಕೂ ಚಕ್ರಗಳಿಗೆ ಹರಡುತ್ತದೆ. ಬಹುಪಾಲು ಸಣ್ಣ ಕಾರುಗಳ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಬ್ರೇಕು, ಹಿಂದಿನವುಗಳಲ್ಲಿ ಡ್ರಮ್ ಬ್ರೇಕು ಇರುತ್ತವೆ. ಡಿಸ್ಕ್ ಬ್ರೇಕಿನಲ್ಲಿ ತಿರುಗುವ ತಟ್ಟೆಯನ್ನು ಎರಡು ಪ್ಯಾಡುಗಳು ಇಕ್ಕಳದಂತೆ ಹಿಡಿಯುತ್ತವೆ. ಡ್ರಮ್ ಬ್ರೇಕಿನಲ್ಲಿ ಎರಡು ಶೂಗಳು ಒಳಗಿನಿಂದ ಅಗಲಿಸಿ ಡ್ರಮ್ಮನ್ನು ಒತ್ತುತ್ತವೆ. ಕಾರು ನಿಲ್ಲುವಾಗ ಅದರ ತೂಕ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳಿಗೆ ಕೆಲಸ ಹೆಚ್ಚು. ಅವು ಬೇಗ ಸವೆಯುತ್ತವೆ.

ಎಂಜಿನ್ ಚಾಲೂ ಇರುವಾಗ ಬೂಸ್ಟರ್ ಎಂಬ ಭಾಗವು ಕಾಲಿನ ಬಲಕ್ಕೆ ತನ್ನ ಬಲವನ್ನೂ ಸೇರಿಸುತ್ತದೆ. ಎಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಈ ಸಹಾಯ ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ.

ಟ್ರ್ಯಾಕ್ಟರ್ ಓಡಿಸಿದವರಿಗೆ ಇನ್ನೊಂದು ಸಂಗತಿ ಸುಲಭವಾಗಿ ಅರ್ಥವಾಗುತ್ತದೆ. ಟ್ರ್ಯಾಕ್ಟರಿನಲ್ಲಿ ಎಡ ಚಕ್ರಕ್ಕೂ ಬಲ ಚಕ್ರಕ್ಕೂ ಬೇರೆ ಬೇರೆ ಬ್ರೇಕ್ ಪೆಡಲುಗಳಿವೆ. ಹೊಲದ ಬದುವಿನಲ್ಲಿ ಒಂದನ್ನೇ ಒತ್ತಿ ಗಕ್ಕನೆ ತಿರುಗಿಸುತ್ತಾರೆ. ರಸ್ತೆಗೆ ಬಂದ ಕೂಡಲೇ ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಕಾರಿನ ಒಂದು ಪಕ್ಕದ ಬ್ರೇಕು ಕೆಟ್ಟಿದ್ದರೆ, ಕೊಂಡಿ ಹಾಕದ ಟ್ರ್ಯಾಕ್ಟರನ್ನು ಹೆದ್ದಾರಿಯಲ್ಲಿ ಓಡಿಸಿ ಒಂದೇ ಪೆಡಲ್ ಒತ್ತಿದಂತಾಗುತ್ತದೆ.

ಕೊಳ್ಳುವ ಮುನ್ನ ಬ್ರೇಕಿನ ಪರೀಕ್ಷೆ

ಈ ಕೆಳಗಿನ ಪರೀಕ್ಷೆಗಳಿಗೆ ಯಾವ ಉಪಕರಣವೂ ಬೇಡ; ಅರ್ಧ ಗಂಟೆ ಸಾಕು.

1. ಎಂಜಿನ್ ನಿಲ್ಲಿಸಿ ಪೆಡಲನ್ನು ಐದಾರು ಸಲ ಒತ್ತಬೇಕು. ಗಟ್ಟಿಯಾದ ಮೇಲೆ ಕಾಲನ್ನು ಅಲ್ಲಿಯೇ ಇಟ್ಟು ಎಂಜಿನ್ ಚಾಲೂ ಮಾಡಬೇಕು. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಸರಿಯಾಗಿದೆ, ಇಳಿಯದಿದ್ದರೆ ದೋಷವಿದೆ.

2. ಎಂಜಿನ್ ಚಾಲೂ ಇರುವಾಗಲೇ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಬೇಕು. ಅದು ಮೆಲ್ಲಗೆ ನೆಲದತ್ತ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರುಗಳು ಸೋತಿವೆ. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ.

3. ಕಾರಿನ ಕೆಳಗೂ ನಾಲ್ಕೂ ಚಕ್ರಗಳ ಒಳಬದಿಯಲ್ಲೂ ಬಗ್ಗಿ ನೋಡಬೇಕು. ಹಿಂದಿನ ಡ್ರಮ್ಮಿನ ಕೆಳ ಅಂಚಿನಲ್ಲಿ ಒದ್ದೆ ಜಿಡ್ಡು ಇದ್ದರೆ ವೀಲ್ ಸಿಲಿಂಡರ್ ಸೋರುತ್ತಿದೆ. ಆ ಎಣ್ಣೆ ಶೂಗಳಿಗೆ ತಗುಲಿದರೆ ಅವು ಹಿಡಿಯಲಾರವು.

4. ಸಮತಟ್ಟಾದ ನಿರ್ಜನ ರಸ್ತೆಯಲ್ಲಿ ಗಂಟೆಗೆ 20ರಿಂದ 30 ಕಿ.ಮೀ. ವೇಗದಲ್ಲಿ ಓಡಿಸಿ ಬ್ರೇಕು ಹಾಕಬೇಕು. ಕಾರು ನೇರವಾಗಿ ನಿಲ್ಲಬೇಕು. ಒಂದು ಕಡೆಗೆ ಎಳೆದರೆ ಕ್ಯಾಲಿಪರ್ ಅಂಟಿಕೊಂಡಿದೆ ಅಥವಾ ಒಂದು ಪಕ್ಕದ ಪ್ಯಾಡಿಗೆ ಎಣ್ಣೆ ತಗುಲಿದೆ. ಪೆಡಲ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿರಬಹುದು. ಕೀರಲು ಸದ್ದು ಪ್ಯಾಡು ಸವೆಯುತ್ತಿರುವುದರ ಎಚ್ಚರಿಕೆ ಇರಬಹುದು. ಕಬ್ಬಿಣ ಉಜ್ಜಿದಂತೆ ಗರಗರ ಸದ್ದು ಬಂದರೆ ಪ್ಯಾಡು ಮುಗಿದು ಲೋಹವೇ ಡಿಸ್ಕನ್ನು ತಿನ್ನುತ್ತಿದೆ.

5. ನಾಲ್ಕೈದು ಕಿ.ಮೀ. ಓಡಿಸಿದ ಮೇಲೆ ಪ್ರತಿ ಚಕ್ರದ ಹತ್ತಿರ ಮುಟ್ಟದೆ ಕೈ ಹಿಡಿದು ನೋಡಬೇಕು. ಜೊತೆ ಚಕ್ರಕ್ಕಿಂತ ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಬಿಡದೆ ಹಿಡಿದುಕೊಂಡಿದೆ.

6. ಸಣ್ಣ ಏರಿನಲ್ಲಿ ಕಾರು ನಿಲ್ಲಿಸಿ, ಪೆಡಲಿನ ಮೇಲೆ ಕಾಲು ಸಿದ್ಧವಾಗಿಟ್ಟುಕೊಂಡು, ಹ್ಯಾಂಡ್ ಬ್ರೇಕಿನಿಂದ ಮಾತ್ರ ಹಿಡಿಸಬೇಕು. ಕಾರು ಜಾರಬಾರದು.

7. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಲ್ಲಿ ಎ.ಬಿ.ಎಸ್. ವ್ಯವಸ್ಥೆ ಕಡ್ಡಾಯವಾಗಿದೆ. ಗಟ್ಟಿಯಾಗಿ ಬ್ರೇಕು ಒತ್ತಿದಾಗ ಚಕ್ರ ಬಿಗಿದು ಕಾರು ಜಾರುವುದನ್ನು ಇದು ತಡೆಯುತ್ತದೆ. ಇಂಥ ಕಾರಿನಲ್ಲಿ ಕೀಲಿ ತಿರುಗಿಸಿದಾಗ ಎ.ಬಿ.ಎಸ್. ದೀಪ ಹೊತ್ತಿ, ಬಳಿಕ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತದೆಯೇ ಇದ್ದರೆ ದೋಷ ಮುಚ್ಚಲು ದೀಪವನ್ನೇ ತೆಗೆದಿರಬಹುದು.

ದೋಷ ಕಂಡ ಮಾತ್ರಕ್ಕೆ ಕಾರನ್ನು ಬಿಡಬೇಕೆಂದೇನೂ ಇಲ್ಲ. ಪ್ಯಾಡು, ಶೂ, ರಬ್ಬರುಗಳು ಸವೆಯಲೆಂದೇ ಇರುವ ಭಾಗಗಳು. ದುರಸ್ತಿಗೆ ತಗಲುವ ಹಣವನ್ನು ಮೆಕ್ಯಾನಿಕ್‌ನಿಂದ ಕೇಳಿ ತಿಳಿದು ಬೆಲೆಯಲ್ಲಿ ಇಳಿಸಿಕೊಳ್ಳಬೇಕು. ಆದರೆ ಬ್ರೇಕು ನೋಡಲು ಬಿಡದ ಮಾರಾಟಗಾರನ ಕಾರನ್ನು ಕೊಳ್ಳದಿರುವುದೇ ಒಳಿತು.

ಕಾರು ನಿಲ್ಲಲು ಬೇಕಾದ ದೂರ

ವೇಗ ಎರಡು ಪಟ್ಟಾದರೆ ಬ್ರೇಕು ಹಾಕಿದ ಮೇಲೆ ಕಾರು ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಒಣಗಿದ ಡಾಂಬರು ರಸ್ತೆ, ಒಳ್ಳೆಯ ಬ್ರೇಕು ಮತ್ತು ಟೈರು, ಅಪಾಯ ಕಂಡು ಕಾಲು ಪೆಡಲಿಗೆ ಹೋಗಲು 1 ಸೆಕೆಂಡು ಎಂದು ಲೆಕ್ಕ ಹಿಡಿದರೆ ನಿಲ್ಲಲು ಬೇಕಾದ ಒಟ್ಟು ದೂರ ಹೀಗಾಗುತ್ತದೆ:

ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುಮಾರು 20 ಮೀಟರ್
ಗಂಟೆಗೆ 60 ಕಿ.ಮೀ. ವೇಗದಲ್ಲಿ ಸುಮಾರು 37 ಮೀಟರ್
ಗಂಟೆಗೆ 80 ಕಿ.ಮೀ. ವೇಗದಲ್ಲಿ ಸುಮಾರು 58 ಮೀಟರ್

ಬ್ರೇಕಿನ ಹಿಡಿತ ಅರ್ಧಕ್ಕೆ ಇಳಿದಿದ್ದರೆ 60 ಕಿ.ಮೀ. ವೇಗದ ಕಾರು 37 ಮೀಟರಿನ ಬದಲು ಸುಮಾರು 57 ಮೀಟರು ಹೋಗಿ ನಿಲ್ಲುತ್ತದೆ. ಶಾಲೆ ಬಿಟ್ಟ ಹೊತ್ತಿನಲ್ಲಿ ಮಕ್ಕಳು ರಸ್ತೆ ದಾಟುವ ಊರಿನ ಮುಂದೆ ಈ 20 ಮೀಟರಿನ ಅಂತರವೇ ಜೀವ ಸಾವುಗಳ ಅಂತರ. ಬ್ರೇಕು ಒಮ್ಮೆಲೇ ಕೆಡುವುದು ಅಪರೂಪ; ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಕುಂದುತ್ತದೆ. ಚಾಲಕನ ಕಾಲು ಅದಕ್ಕೆ ಒಗ್ಗಿಹೋಗುವುದರಿಂದ ದೋಷ ಅವನ ಗಮನಕ್ಕೆ ಬರುವುದೇ ಇಲ್ಲ. ನಿಗದಿಯಾದ ದಿನ ಪರೀಕ್ಷಿಸಬೇಕೆಂಬುದು ಇದೇ ಕಾರಣಕ್ಕೆ.

ಬ್ರೇಕ್ ಆಯಿಲಿನ ವಿಷಯ

ಬ್ರೇಕಿನ ಪಾಲನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗುವುದು ಬ್ರೇಕ್ ಆಯಿಲ್. ಇದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ತೇವ ಸೇರಿದಂತೆ ಅದು ಕುದಿಯುವ ಉಷ್ಣತೆ ಇಳಿಯುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ನೀರು ಹೀರಿದ ಸ್ಥಿತಿಯಲ್ಲಿ ಈ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಇವು ಕ್ರಮವಾಗಿ 230 ಮತ್ತು 155 ಡಿಗ್ರಿ.

ಘಟ್ಟ ಇಳಿಯುವಾಗ ಮೇಲಿಂದ ಮೇಲೆ ಬ್ರೇಕು ಒತ್ತಿದರೆ ಡಿಸ್ಕು ಬಹಳ ಬಿಸಿಯಾಗಿ, ತೇವ ಸೇರಿದ ಆಯಿಲ್ ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗದೆ ಬಲವನ್ನು ಮುಂದಕ್ಕೆ ಸಾಗಿಸುತ್ತದೆ. ಆವಿಯಾದರೋ ತಾನೇ ಕುಗ್ಗುತ್ತದೆ. ಆಗ ಪೆಡಲ್ ನೆಲಕ್ಕೆ ತಾಗಿದರೂ ಕಾರು ನಿಲ್ಲುವುದಿಲ್ಲ. ಊರಿನ ಸಮತಟ್ಟು ರಸ್ತೆಯಲ್ಲಿ ವರ್ಷಗಟ್ಟಲೆ ಸರಿಯಾಗಿದ್ದ ಬ್ರೇಕು ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೊರಟ ದಿನ ಚಾರ್ಮಾಡಿ, ಶಿರಾಡಿ ಘಟ್ಟಗಳಲ್ಲಿ ಕೈಕೊಡಲು ಇದೊಂದು ಕಾರಣ. ಆದ್ದರಿಂದ ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸತಕ್ಕದ್ದು. ಹಳೆಯ ಕಾರು ಕೊಂಡವರು, ಮಾರಿದವನು ಏನೇ ಹೇಳಲಿ, ಮೊದಲ ವಾರದಲ್ಲಿಯೇ ಬದಲಾಯಿಸುವುದು ಉತ್ತಮ.

ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಬಳಸಬೇಕು. ಮುಚ್ಚಳ ತೆಗೆದು ಬಹುಕಾಲ ಇಟ್ಟ ಹಳೆಯ ಡಬ್ಬಿಯ ಆಯಿಲ್ ಹಾಕಬಾರದು. ಎಂಜಿನ್ ಆಯಿಲ್, ಸೀಮೆಎಣ್ಣೆ, ಡೀಸೆಲ್ಲುಗಳನ್ನು ಬ್ರೇಕಿನ ಭಾಗಗಳಿಗೆ ಸೋಕಿಸಲೇಬಾರದು; ಇವು ಒಳಗಿನ ರಬ್ಬರುಗಳನ್ನು ಉಬ್ಬಿಸಿ ಕೆಡಿಸುತ್ತವೆ. ಬ್ರೇಕ್ ಆಯಿಲ್ ಕಾರಿನ ಬಣ್ಣವನ್ನು ತಿನ್ನುತ್ತದೆ. ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಬೇಕು. ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಕಾರಣ ತಿಳಿಯದೆ ತುಂಬಬಾರದು. ಪ್ಯಾಡು ಸವೆದಂತೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಬೇಗನೆ ಇಳಿದರೆ ಸೋರಿಕೆ ಇದೆ.

ಹಳ್ಳಿಯ ರಸ್ತೆಯಲ್ಲಿ ವಿಶೇಷ ಎಚ್ಚರಿಕೆ

ಭಾರ: 800 ಸಿ.ಸಿ. ವರ್ಗದ ಕಾರಿನ ಖಾಲಿ ತೂಕ 700 ಕಿ.ಗ್ರಾಂ. ಆಸುಪಾಸಿನಲ್ಲಿರುತ್ತದೆ. ಐವರು ವಯಸ್ಕರು ಕುಳಿತು, 50 ಕಿ.ಗ್ರಾಂ.ನ ಎರಡು ಚೀಲ ಹೇರಿದರೆ ಸುಮಾರು 400 ಕಿ.ಗ್ರಾಂ. ಆಯಿತು. ಅಂದರೆ ಕಾರಿನ ತೂಕದ ಅರ್ಧಕ್ಕೂ ಹೆಚ್ಚು. ಬ್ರೇಕು ಇಷ್ಟನ್ನೂ ನಿಲ್ಲಿಸಬೇಕು. ಗೊಬ್ಬರ, ಹಿಂಡಿಯ ಚೀಲಗಳಿಗೆ ಬೇರೆ ವಾಹನವೇ ಯೋಗ್ಯ.

ಇಳಿಜಾರು: ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ ಅಥವಾ ನ್ಯೂಟ್ರಲ್ ಮಾಡಿ ಇಳಿಯುವ ಚಾಳಿ ಅಪಾಯಕಾರಿ. ಎಂಜಿನ್ ಆರಿದರೆ ಬೂಸ್ಟರಿನ ಸಹಾಯ ನಿಲ್ಲುತ್ತದೆ. ಕೀಲಿ ತೆಗೆದರೆ ಸ್ಟಿಯರಿಂಗ್ ಬಿಗಿದುಕೊಳ್ಳುತ್ತದೆ. ಇಂಧನವನ್ನು ಇಂಜೆಕ್ಟರಿನಿಂದ ಸಿಂಪಡಿಸುವ ಈಚಿನ ಕಾರುಗಳಲ್ಲಿ ಗೇರಿನಲ್ಲಿ ಕಾಲೆತ್ತಿ ಇಳಿಯುವಾಗ ಇಂಧನ ತಾನಾಗಿಯೇ ನಿಲ್ಲುವುದರಿಂದ ನ್ಯೂಟ್ರಲ್ಲಿನಿಂದ ಉಳಿತಾಯವೂ ಇಲ್ಲ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಘಟ್ಟದ ನಿಯಮ.

ನೀರು: ಹಳ್ಳ ದಾಟಿದ ಮೇಲೆ ಬ್ರೇಕು ಒದ್ದೆಯಾಗಿ ಹಿಡಿತ ಕುಂದುತ್ತದೆ. ನಿಧಾನವಾಗಿ ಓಡಿಸುತ್ತಾ ಪೆಡಲನ್ನು ಹಗುರವಾಗಿ ನಾಲ್ಕಾರು ಸಲ ಒತ್ತಿದರೆ ಬಿಸಿಗೆ ಒಣಗುತ್ತದೆ.

ಒಕ್ಕಣೆ: ಸುಗ್ಗಿಯಲ್ಲಿ ಹುರುಳಿ, ರಾಗಿ ಮೊದಲಾದವನ್ನು ಒಕ್ಕಲೆಂದು ರಸ್ತೆಯ ಮೇಲೆ ಹರಡುವುದುಂಟು. ಇದರ ಮೇಲೆ ಎಷ್ಟು ಒಳ್ಳೆಯ ಬ್ರೇಕೂ ಹಿಡಿಯದು. ಹುರುಳಿ ಕಾಳು ಟೈರಿನ ಕೆಳಗೆ ಗೋಲಿಯಂತೆ ಉರುಳುತ್ತದೆ. ಹುಲ್ಲು, ಬಳ್ಳಿಗಳು ಚಕ್ರದ ಅಚ್ಚಿಗೂ ಸೈಲೆನ್ಸರ್ ಕೊಳವೆಗೂ ಸುತ್ತಿಕೊಂಡು ಬಿಸಿಗೆ ಬೆಂಕಿ ಹೊತ್ತುವ ಭಯವೂ ಇದೆ. ದೂರದಿಂದಲೇ ವೇಗ ತಗ್ಗಿಸಿ, ದಾಟಿದ ಮೇಲೆ ನಿಲ್ಲಿಸಿ ಕೆಳಗೆ ನೋಡಿ ಸುತ್ತಿದ ಹುಲ್ಲನ್ನು ತೆಗೆಯಬೇಕು. ಒಕ್ಕಣೆಗೆ ಕಣವನ್ನೇ ಬಳಸುವುದು ಎಲ್ಲರಿಗೂ ಕ್ಷೇಮ.

ನಿಂತ ಕಾರು: ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್ ಬ್ರೇಕು ಎಳೆದಿಟ್ಟರೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟಾದ ನೆಲದಲ್ಲಿ ಗೇರಿನಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಡುವುದು ಲೇಸು. ದಾಸ್ತಾನು ಕೊಠಡಿಯ ಬಳಿ ನಿಲ್ಲಿಸಿದರೆ ಇಲಿಗಳು ವೈರು ಕಡಿಯುತ್ತವೆ; ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡಬೇಕು.

ಪಾಲನೆಯ ವೇಳಾಪಟ್ಟಿ

ಪ್ರತಿ ದಿನ ಹೊರಡುವ ಮುನ್ನ: ಪೆಡಲ್ ಒಮ್ಮೆ ಒತ್ತಿ ಗಟ್ಟಿಯಾಗಿದೆಯೇ ನೋಡುವುದು, ನಿಂತ ಜಾಗದಲ್ಲಿ ಎಣ್ಣೆ ಬಿದ್ದಿದೆಯೇ ನೋಡುವುದು.

ವಾರಕ್ಕೊಮ್ಮೆ: ಬ್ರೇಕ್ ಆಯಿಲಿನ ಮಟ್ಟ, ಟೈರಿನ ಗಾಳಿ, ಹಿಂದಿನ ಬ್ರೇಕ್ ದೀಪಗಳು.

5,000 ಕಿ.ಮೀ. ಅಥವಾ ಆರು ತಿಂಗಳಿಗೊಮ್ಮೆ: ಪ್ಯಾಡಿನ ದಪ್ಪ ನೋಡಿಸುವುದು. ಉಜ್ಜುವ ಭಾಗ 3 ಮಿ.ಮೀ.ಗೆ ಇಳಿದರೆ ಬದಲಾಯಿಸುವುದು.

10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ: ಹಿಂದಿನ ಡ್ರಮ್ ಬಿಚ್ಚಿಸಿ ಕೆಸರು ತೆಗೆಸುವುದು, ವೀಲ್ ಸಿಲಿಂಡರ್, ರಬ್ಬರು ಕೊಳವೆಗಳು, ಹ್ಯಾಂಡ್ ಬ್ರೇಕಿನ ಕೇಬಲ್ ಪರೀಕ್ಷೆ.

ಎರಡು ವರ್ಷಕ್ಕೊಮ್ಮೆ: ಬ್ರೇಕ್ ಆಯಿಲ್ ಬದಲಾವಣೆ.

ಪ್ಯಾಡುಗಳನ್ನು ಎಡಬಲ ಎರಡೂ ಕಡೆ ಒಟ್ಟಿಗೇ ಬದಲಾಯಿಸಬೇಕು. ಒಂದೇ ಕಡೆ ಹೊಸದಾದರೆ ಕಾರು ಎಳೆಯುತ್ತದೆ. ಹೊಸ ಪ್ಯಾಡು ಹಾಕಿದ ಮೇಲೆ ಕಾರು ಚಲಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಬೇಕು. ಇಲ್ಲದಿದ್ದರೆ ಮೊದಲ ಸಲ ಬ್ರೇಕು ಹಿಡಿಯದು. ಡ್ರಮ್ಮಿನ ದೂಳನ್ನು ಬಾಯಿಂದ ಊದಬಾರದು, ಗಾಳಿ ಯಂತ್ರದಿಂದಲೂ ಹಾರಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು.

ಕೊಳ್ಳುವ ಬೆಲೆ, ಮಾರುವ ಬೆಲೆ

ಕಾರಿನ ಮೌಲ್ಯ ವರ್ಷದಿಂದ ವರ್ಷಕ್ಕೆ ಇಳಿಯುವುದನ್ನು ತಿಳಿಯಲು ವಿಮಾ ಕಂಪನಿಗಳು ಅನುಸರಿಸಿ ಬಂದ ಸವಕಳಿ ದರಗಳು ಸಹಾಯಕ. ತಯಾರಕರ ಮಾರಾಟ ಬೆಲೆಯಲ್ಲಿ ಆರು ತಿಂಗಳವರೆಗೆ ಶೇಕಡ 5, ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರು ವರ್ಷದವರೆಗೆ 30, ನಾಲ್ಕು ವರ್ಷದವರೆಗೆ 40, ಐದು ವರ್ಷದವರೆಗೆ 50 ಭಾಗ ಕಳೆಯುತ್ತಾರೆ. ಐದು ವರ್ಷ ಮೀರಿದ ಕಾರಿಗೆ ಉಭಯತರ ಒಪ್ಪಿಗೆಯೇ ಬೆಲೆ. ಪೇಟೆಯ ಬೆಲೆ ಇದಕ್ಕಿಂತ ಮೇಲೆ ಕೆಳಗೆ ಆಗುವುದು ಮಾದರಿಯ ಬೇಡಿಕೆ, ಮಾಲೀಕರ ಸಂಖ್ಯೆ, ಅಪಘಾತದ ಚರಿತ್ರೆ ಮತ್ತು ಸರ್ವಿಸ್ ದಾಖಲೆಗಳಿಂದ.

ಕಾರಿನ ನಿಜವಾದ ಖರ್ಚೆಂದರೆ ಕೊಂಡ ಬೆಲೆಗೆ ದುರಸ್ತಿ ಖರ್ಚು ಕೂಡಿಸಿ, ಮಾರಿದಾಗ ಬರುವ ಬೆಲೆ ಕಳೆದು ಉಳಿದದ್ದು. ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು.

ಮೊದಲನೆಯ ಕಾರು: ಕೊಂಡ ಬೆಲೆ 1,20,000 ರೂ.; ಮೊದಲ ದುರಸ್ತಿ 45,000 ರೂ.; ವರ್ಷಕ್ಕೆ 18,000ದಂತೆ ನಾಲ್ಕು ವರ್ಷದ ದುರಸ್ತಿ 72,000 ರೂ.; ಮಾರಿದ ಬೆಲೆ 40,000 ರೂ. ನಿವ್ವಳ ಖರ್ಚು 1,97,000 ರೂ.

ಎರಡನೆಯ ಕಾರು: ಕೊಂಡ ಬೆಲೆ 1,60,000 ರೂ.; ಮೊದಲ ದುರಸ್ತಿ 10,000 ರೂ.; ವರ್ಷಕ್ಕೆ 9,000ದಂತೆ ನಾಲ್ಕು ವರ್ಷದ ದುರಸ್ತಿ 36,000 ರೂ.; ಮಾರಿದ ಬೆಲೆ 90,000 ರೂ. ನಿವ್ವಳ ಖರ್ಚು 1,16,000 ರೂ.

ಕೊಳ್ಳುವ ದಿನ 40,000 ರೂ. ಅಗ್ಗವಾಗಿ ಕಂಡ ಕಾರು ನಾಲ್ಕು ವರ್ಷದಲ್ಲಿ 81,000 ರೂ. ಹೆಚ್ಚು ನುಂಗಿತು. ಬ್ರೇಕಿಗೆ ಮಾಡಿದ ಪ್ರತಿ ಖರ್ಚಿನ ಬಿಲ್ಲನ್ನು ದಿನಾಂಕ, ಕಿ.ಮೀ. ಸಹಿತ ಒಂದು ಕಡತದಲ್ಲಿ ಇಟ್ಟುಕೊಂಡರೆ ಮಾರುವಾಗ ಆ ಕಡತವೇ ಕಾರಿನ ಪರವಾಗಿ ಮಾತಾಡುತ್ತದೆ.

ದಾಖಲೆಗಳು

ಹಣ ಕೊಡುವ ಮೊದಲು ಆರ್.ಸಿ.ಯಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಕಾರಿನ ಮೇಲಿರುವ ಸಂಖ್ಯೆಗಳೊಂದಿಗೆ ತಾಳೆ ನೋಡಬೇಕು. ಸಾಲದ ನಮೂದು ಇದ್ದರೆ ಬ್ಯಾಂಕಿನ ಋಣಮುಕ್ತ ಪತ್ರ ಮತ್ತು ನಮೂನೆ 35 ಬೇಕು. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30 ಸಲ್ಲಿಸಬೇಕು. ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸತಕ್ಕದ್ದು. ಬೇರೆ ರಾಜ್ಯದ ಕಾರಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರವೂ ಬೇಕು. ಇಲ್ಲಿ ಕಟ್ಟಬೇಕಾದ ತೆರಿಗೆಯನ್ನು ಮೊದಲೇ ವಿಚಾರಿಸಬೇಕು.

ಮಾರಿದವನೂ ಇದರಲ್ಲಿ ಉದಾಸೀನ ಮಾಡಬಾರದು. ವರ್ಗಾವಣೆಯಾಗದ ವಾಹನ ಅಪಘಾತ ಮಾಡಿದರೆ ದಾಖಲೆಯಲ್ಲಿ ಹೆಸರಿರುವ ಮಾಲೀಕನೇ ಪರಿಹಾರಕ್ಕೆ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿದೆ. ವಿಮೆಯನ್ನೂ ಕೊಂಡವನ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ ಕೊಡಬೇಕು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಈ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂ.ಗಳಿಂದ 5,000 ರೂ.ಗಳಿಗೆ ಏರಿಸಲಾಯಿತು. ಹದಿಮೂರು ಹದಿನಾಲ್ಕು ವರ್ಷದ ಕಾರು ಕೊಳ್ಳುವವರು ಈ ಖರ್ಚನ್ನೂ ಬೆಲೆಯಲ್ಲಿ ಲೆಕ್ಕ ಹಿಡಿಯಬೇಕು.

ಕೊನೆಯದಾಗಿ, ವಿಸ್ತರಣಾ ಕಾರ್ಯಕರ್ತರು ಗ್ರಾಮದ ಯಂತ್ರೋಪಕರಣ ತರಬೇತಿಯ ದಿನ ಊರಿನ ಒಂದು ಕಾರನ್ನು ನಿಲ್ಲಿಸಿ, ಮೇಲೆ ಹೇಳಿದ ಏಳು ಪರೀಕ್ಷೆಗಳನ್ನು ಸ್ಥಳೀಯ ಮೆಕ್ಯಾನಿಕ್‌ನಿಂದಲೇ ಮಾಡಿಸಿ ತೋರಿಸಬಹುದು. ಕಾರು ಓಡಿಸುವ ಯುವಕರೂ ಅದರಲ್ಲಿ ಕುಳಿತು ಹೋಗುವ ಮಹಿಳೆಯರೂ ಇದನ್ನು ನೋಡುವಂತಾಗಬೇಕು. ಹೊಸ ಸೀಟಿನ ಹೊದಿಕೆ ಮುಂದಿನ ಸುಗ್ಗಿಯವರೆಗೆ ಕಾಯಬಹುದು. ಬ್ರೇಕಿನ ಕೆಲಸ ಮುಂದಿನ ಪ್ರಯಾಣಕ್ಕೆ ಮೊದಲೇ ಆಗಬೇಕು.